ಒತ್ತಕ್ಷರಕ್ಕೂ ಜಾಗವಿರಲಿ: ಕನ್ನಡ ಬ್ಲಾಗಿನ ಥೀಮಿಗೆ ಪುಟ್ಟ ಕೋಡ್‌ಗಳು

ಕನ್ನಡದ ಸಾಲಿಗೆ ಇಂಗ್ಲಿಷ್ ಸಾಲಿಗಿಂತ ಹೆಚ್ಚು ಎತ್ತರ ಬೇಕು. ‘ಕೀರ್ತಿ’ ಎಂದು ಬರೆದರೆ ಗುಡಿಸು ಅಕ್ಷರದ ನೆತ್ತಿಗೇರುತ್ತದೆ. ‘ರಾಷ್ಟ್ರ’, ‘ಸ್ವಾತಂತ್ರ್ಯ’ ಎಂದು ಬರೆದರೆ ಒತ್ತುಗಳು ಒಂದರ ಹಿಂದೊಂದು ಸಾಲಿನ ಬುಡದಿಂದ ಕೆಳಗಿಳಿಯುತ್ತವೆ. ಬ್ಲಾಗರ್‌ನಲ್ಲೂ ವರ್ಡ್‌ಪ್ರೆಸ್‌ನಲ್ಲೂ ಸಿಗುವ ಸಿದ್ಧ ಥೀಮ್‌ಗಳಲ್ಲಿ ಹೆಚ್ಚಿನವು ಇಂಗ್ಲಿಷಿನ ಮೈಯಳತೆಗೆ ಹೊಲಿದ ಅಂಗಿಗಳು. ಅವುಗಳೊಳಗೆ ಕನ್ನಡ ತುಂಬಿದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಶೀರ್ಷಿಕೆಯ ಒತ್ತಿನ ಬಾಲ ಕತ್ತರಿಸಿ ಹೋಗುತ್ತದೆ, ಮೆನುವಿನ ಪದಗಳು ಬಿಡಿಬಿಡಿ ಅಕ್ಷರಗಳಾಗಿ ಚೆದುರುತ್ತವೆ. ಬರಹ ಎಷ್ಟು ಚೆನ್ನಾಗಿದ್ದರೇನು, ಮೊಬೈಲಿನಲ್ಲಿ ಓದುವವರ ಕಣ್ಣು ಮೂರನೆಯ ಪ್ಯಾರಾಕ್ಕೇ ಸೋಲುತ್ತದೆ.

ಇದನ್ನು ಸರಿಪಡಿಸಲು ಹೊಸ ಥೀಮ್ ಕೊಳ್ಳಬೇಕಿಲ್ಲ, ಪ್ರೋಗ್ರಾಮಿಂಗ್ ಕಲಿಯಲೂ ಬೇಕಿಲ್ಲ. ಸಿಎಸ್‌ಎಸ್ ಎಂಬ ಸರಳ ಭಾಷೆಯ ನಾಲ್ಕಾರು ಸಾಲು ಸಾಕು. ಪುಟದಲ್ಲಿ ಏನಿದೆ ಎಂಬುದನ್ನು ಎಚ್‌ಟಿಎಂಎಲ್ ಹೇಳಿದರೆ, ಅದು ಹೇಗೆ ಕಾಣಬೇಕು ಎಂಬುದನ್ನು ಸಿಎಸ್‌ಎಸ್ ಹೇಳುತ್ತದೆ. ನಾರ್ವೆಯ ಹೋಕನ್ ವಿಯಮ್ ಲೀ 1994ರಲ್ಲಿ ಇದನ್ನು ಪ್ರಸ್ತಾಪಿಸಿದರು. 1996ರ ಡಿಸೆಂಬರ್‌ನಲ್ಲಿ ಅದು ವೆಬ್‌ನ ಅಧಿಕೃತ ಶಿಫಾರಸಾಯಿತು. ಒಂದರ ಮೇಲೊಂದು ನಿಯಮ ಬರೆಯಬಹುದು, ಸಮಾನ ತೂಕದ ಎರಡು ನಿಯಮಗಳಿದ್ದರೆ ಕೊನೆಗೆ ಬಂದದ್ದು ಗೆಲ್ಲುತ್ತದೆ ಎಂಬುದು ಅದರ ಮೂಲ ತತ್ವ. ಥೀಮ್ ಮಾಡಿದವರು ಬರೆದ ಸಾವಿರಾರು ಸಾಲುಗಳನ್ನು ಮುಟ್ಟದೆಯೇ, ಕೊನೆಯಲ್ಲಿ ನಮ್ಮ ನಾಲ್ಕು ಸಾಲು ಸೇರಿಸಿ ರೂಪ ಬದಲಿಸಲು ಸಾಧ್ಯವಾಗುವುದು ಇದರಿಂದಲೇ.

ಮುಂದುವರಿಯುವ ಮೊದಲು ಒಂದು ಸೂಚನೆ. ಈ ಲೇಖನದಲ್ಲಿ ಕೋಡ್‌ನ ಪದಗಳನ್ನು ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ನೀವು ಟೈಪ್ ಮಾಡುವಾಗ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ, ನಡುವಿನ ಅಡ್ಡಗೆರೆ ಬಿಡದೆ, ಬರೆಯಬೇಕು. ಪ್ರತಿ ಸಾಲಿನ ಕೊನೆಯ ಸೆಮಿಕೋಲನ್, ಸುತ್ತಲಿನ ಪುಷ್ಪಾವರಣ ಎರಡೂ ಕಡ್ಡಾಯ. ಕೋಡ್ ಕೆಲಸ ಮಾಡದಿದ್ದಾಗ ಮೊದಲು ಹುಡುಕಬೇಕಾದದ್ದು ಬಿಟ್ಟುಹೋದ ಸೆಮಿಕೋಲನ್ನನ್ನೇ.

ಎಲ್ಲಿ ಅಂಟಿಸಬೇಕು?

ಬ್ಲಾಗರ್ ಬಳಸುವವರು ಡ್ಯಾಶ್‌ಬೋರ್ಡ್‌ನ ‘ಥೀಮ್’ ಪುಟಕ್ಕೆ ಹೋಗಿ. ಅಲ್ಲಿ ‘ಕಸ್ಟಮೈಸ್’ ಗುಂಡಿಯ ಪಕ್ಕದ ಪುಟ್ಟ ಬಾಣ ಒತ್ತಿದರೆ ‘ಬ್ಯಾಕಪ್’ ಕಾಣುತ್ತದೆ. ಮೊದಲು ಅದನ್ನು ಇಳಿಸಿಕೊಳ್ಳಿ. ಏನಾದರೂ ಎಡವಟ್ಟಾದರೆ ಇದೇ ಕಡತವನ್ನು ಮರಳಿ ಏರಿಸಿ ಹಳೆಯ ಸ್ಥಿತಿಗೆ ಬರಬಹುದು. ಆಮೇಲೆ ‘ಕಸ್ಟಮೈಸ್’, ಅದರೊಳಗೆ ‘ಅಡ್ವಾನ್ಸ್ಡ್’, ಅದರ ಪಟ್ಟಿಯ ಕೊನೆಯಲ್ಲಿ ‘ಆಡ್ ಸಿಎಸ್‌ಎಸ್’ ಎಂಬ ಖಾಲಿ ಪೆಟ್ಟಿಗೆ ಸಿಗುತ್ತದೆ. ನಿಮ್ಮ ಸಾಲುಗಳು ಹೋಗಬೇಕಾದದ್ದು ಅಲ್ಲಿಗೆ. ಹಳೆಯ ಥೀಮ್ ಆಗಿದ್ದರೆ ಅದೇ ಬಾಣದ ಕೆಳಗಿನ ‘ಮೊಬೈಲ್ ಸೆಟ್ಟಿಂಗ್ಸ್’ನಲ್ಲಿ ‘ಡೆಸ್ಕ್‌ಟಾಪ್’ ಆರಿಸಿದೆಯೇ ನೋಡಿ. ಇಲ್ಲವಾದರೆ ಮೊಬೈಲಿಗೆ ಬೇರೆಯೇ ಸರಳ ಥೀಮ್ ಹೋಗುತ್ತದೆ, ನಿಮ್ಮ ಬದಲಾವಣೆ ಅಲ್ಲಿ ಕಾಣುವುದಿಲ್ಲ.

ವರ್ಡ್‌ಪ್ರೆಸ್‌ನ ಹಳೆಯ ಬಗೆಯ ಥೀಮ್‌ಗಳಲ್ಲಿ ‘ಅಪಿಯರೆನ್ಸ್’, ‘ಕಸ್ಟಮೈಸ್’, ‘ಅಡಿಷನಲ್ ಸಿಎಸ್‌ಎಸ್’ ಎಂಬ ದಾರಿ. ಬ್ಲಾಕ್ ಥೀಮ್‌ಗಳಲ್ಲಿ ‘ಅಪಿಯರೆನ್ಸ್’ನ ‘ಎಡಿಟರ್’ಗೆ ಹೋಗಿ ‘ಸ್ಟೈಲ್ಸ್’ ತೆರೆದು, ಮೂರು ಚುಕ್ಕಿಯ ಪಟ್ಟಿಯಲ್ಲಿ ಅದೇ ಹೆಸರನ್ನು ಹುಡುಕಬೇಕು. ಥೀಮಿನ ಮೂಲ ಕಡತಗಳಿಗೇ ಕೈ ಹಾಕುವ ಆಸೆ ಬೇಡ. ಥೀಮ್ ಮುಂದಿನ ಸಲ ಅಪ್‌ಡೇಟ್ ಆದಾಗ ಆ ಕಡತಗಳೆಲ್ಲ ಹೊಸದಾಗಿ ಬಂದು ಕೂರುತ್ತವೆ, ನಿಮ್ಮ ತಿದ್ದುಪಡಿ ಅಳಿಸಿಹೋಗುತ್ತದೆ.

ಪ್ರಯೋಗಕ್ಕೆಂದೇ ಒಂದು ಕರಡು ಪೋಸ್ಟ್ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಅದರಲ್ಲಿ ರಾಷ್ಟ್ರ, ಸ್ವಾತಂತ್ರ್ಯ, ಉಜ್ಜ್ವಲ, ಕೀರ್ತಿ, ಸೌಂದರ್ಯ, ಹೃದಯ, ಸ್ತ್ರೀ ಮುಂತಾದ ಪದಗಳಿರುವ ನಾಲ್ಕು ಉದ್ದ ಪ್ಯಾರಾ, ಎರಡು ಸಾಲಿಗೆ ಹರಡುವ ಶೀರ್ಷಿಕೆ, ಒಂದು ಪಟ್ಟಿ, ಒಂದು ಕೊಂಡಿ, ನಡುವೆ ಒಂದಿಷ್ಟು ಇಂಗ್ಲಿಷ್ ಪದ ಮತ್ತು ಅಂಕಿಗಳು ಇರಲಿ. ಪ್ರತಿ ಬದಲಾವಣೆಯನ್ನೂ ಇದರ ಮೇಲೆ ನೋಡಿ, ಮೊಬೈಲಿನಲ್ಲೂ ನೋಡಿ.

ಸಾಲಿನ ಎತ್ತರ

ಒಂದೇ ಒಂದು ಬದಲಾವಣೆ ಮಾಡುವ ಪುರುಸೊತ್ತು ಇರುವವರು ಇದನ್ನು ಮಾಡಲಿ. ಬೇರೆಲ್ಲವೂ ಇದರ ನಂತರ.

.ಪೋಸ್ಟ್-ಬಾಡಿ, .ಎಂಟ್ರಿ-ಕಂಟೆಂಟ್ {
  ಫಾಂಟ್-ಸೈಜ್: 1.125ಆರ್‌ಇಎಂ;
  ಲೈನ್-ಹೈಟ್: 1.8;
}

ಮೊದಲ ಸಾಲಿನಲ್ಲಿರುವುದು ವಿಳಾಸ: ನಿಯಮ ಯಾವ ಭಾಗಕ್ಕೆ ಅನ್ವಯಿಸಬೇಕು ಎಂಬುದು. ಬ್ಲಾಗರ್‌ನ ಥೀಮ್‌ಗಳಲ್ಲಿ ಬರಹದ ಭಾಗಕ್ಕೆ ‘ಪೋಸ್ಟ್-ಬಾಡಿ’ ಎಂದೂ ವರ್ಡ್‌ಪ್ರೆಸ್‌ನ ಬಹುತೇಕ ಥೀಮ್‌ಗಳಲ್ಲಿ ‘ಎಂಟ್ರಿ-ಕಂಟೆಂಟ್’ ಎಂದೂ ಹೆಸರು. ಹೆಸರಿನ ಹಿಂದಿನ ಚುಕ್ಕಿ ಮುಖ್ಯ. ಅದು ಕ್ಲಾಸ್ (ಪುಟದ ಒಂದು ಭಾಗಕ್ಕೆ ಇಟ್ಟ ಹೆಸರು) ಎಂಬುದರ ಗುರುತು. ಎರಡನ್ನೂ ಅಲ್ಪವಿರಾಮದಿಂದ ಬೇರ್ಪಡಿಸಿ ಕೊಟ್ಟಿರುವುದರಿಂದ ಯಾವುದಿದೆಯೋ ಅದಕ್ಕೆ ನಿಯಮ ತಾಗುತ್ತದೆ, ಇಲ್ಲದ್ದನ್ನು ಬ್ರೌಸರ್ ಸುಮ್ಮನೆ ಬಿಡುತ್ತದೆ.

ಲೈನ್-ಹೈಟ್ ಎಂದರೆ ಅಕ್ಷರದ ಗಾತ್ರದ ಎಷ್ಟು ಪಟ್ಟು ಜಾಗವನ್ನು ಒಂದು ಸಾಲಿಗೆ ಕೊಡಬೇಕೆಂಬುದು. ಇಂಗ್ಲಿಷ್ ಥೀಮ್‌ಗಳಲ್ಲಿ ಇದು ಸಾಮಾನ್ಯವಾಗಿ 1.4ರಿಂದ 1.6ರ ನಡುವೆ ಇರುತ್ತದೆ. ಕನ್ನಡಕ್ಕೆ 1.7ಕ್ಕಿಂತ ಕಡಿಮೆ ಇದ್ದರೆ ಒತ್ತು ಮತ್ತು ಗುಡಿಸುಗಳ ಗುದ್ದಾಟ ಶುರುವಾಗುತ್ತದೆ; 2ನ್ನು ದಾಟಿದರೆ ಸಾಲುಗಳ ನಂಟು ಕಳಚಿ, ಕಣ್ಣು ಮುಂದಿನ ಸಾಲನ್ನು ಹುಡುಕಬೇಕಾಗುತ್ತದೆ. ನನ್ನ ಆಯ್ಕೆ 1.8. ಫಾಂಟ್ ಬದಲಾದರೆ ಇದನ್ನೂ ತುಸು ಹಿಂದೆ ಮುಂದೆ ಮಾಡಬೇಕು, ಏಕೆಂದರೆ ಪ್ರತಿ ಫಾಂಟಿನ ಒತ್ತಿನ ಉದ್ದ ಬೇರೆ.

ಈ ಅಂಕಿಯ ಮುಂದೆ ಯಾವ ಅಳತೆಯ ಹೆಸರನ್ನೂ ಬರೆಯಬೇಡಿ. ಬರೀ 1.8 ಎಂದಿದ್ದರೆ ಒಳಗಿನ ಪ್ರತಿ ಭಾಗವೂ ತನ್ನ ಅಕ್ಷರದ ಗಾತ್ರಕ್ಕೆ ತಕ್ಕಂತೆ ಲೆಕ್ಕ ಹಾಕಿಕೊಳ್ಳುತ್ತದೆ. 29 ಪಿಕ್ಸೆಲ್ ಎಂದು ಕಟ್ಟುನಿಟ್ಟು ಅಳತೆ ಕೊಟ್ಟರೆ ಒಳಗಿನ ದೊಡ್ಡಕ್ಷರದ ಉಪಶೀರ್ಷಿಕೆಗಳಿಗೂ ಅದೇ 29 ಹೋಗಿ, ಸಾಲುಗಳು ಒಂದರ ಮೇಲೊಂದು ಹತ್ತಿ ಕೂರುತ್ತವೆ. ಅಕ್ಷರದ ಗಾತ್ರಕ್ಕೆ ಆರ್‌ಇಎಂ ಅಳತೆ ಬಳಸಿರುವುದಕ್ಕೂ ಕಾರಣವಿದೆ. ಬ್ರೌಸರ್‌ನ ಸಾಮಾನ್ಯ ಗಾತ್ರ 16 ಪಿಕ್ಸೆಲ್ ಆಗಿದ್ದರೆ 1.125 ಎಂಬುದು 18 ಪಿಕ್ಸೆಲ್ ಆಗುತ್ತದೆ. ಕಣ್ಣು ಮಂಜಾದ ಹಿರಿಯರು ತಮ್ಮ ಬ್ರೌಸರ್‌ನಲ್ಲಿ ಗಾತ್ರ ಹೆಚ್ಚಿಸಿಕೊಂಡಿದ್ದರೆ ನಿಮ್ಮ ಬ್ಲಾಗೂ ಅವರ ಜೊತೆಗೇ ದೊಡ್ಡದಾಗುತ್ತದೆ.

ಶೀರ್ಷಿಕೆಗಳದು ಬೇರೆ ಕತೆ. ಇಂಗ್ಲಿಷ್ ಥೀಮ್‌ಗಳು ದೊಡ್ಡ ಶೀರ್ಷಿಕೆಗೆ 1.1 ಅಥವಾ 1.2ರಷ್ಟು ಬಿಗಿಯಾದ ಎತ್ತರ ಇಟ್ಟಿರುತ್ತವೆ. ಅದರ ಮೇಲೆ, ಮುಖಪುಟದಲ್ಲಿ ಶೀರ್ಷಿಕೆ ಎರಡು ಸಾಲಿಗೆ ನಿಲ್ಲಲಿ ಎಂದು, ಉಳಿದದ್ದನ್ನು ಮರೆಮಾಡುವ ಏರ್ಪಾಡೂ ಇರುತ್ತದೆ. ಕೊನೆಯ ಸಾಲಿನ ಒತ್ತಕ್ಷರ ಅರ್ಧಕ್ಕೆ ಕತ್ತರಿಸಿಹೋಗುವುದು ಅಲ್ಲೇ. ‘ಅಕ್ಕ’ ಎಂಬುದು ‘ಅಕ’ ಆಗಿ ಕಾಣುವುದು ಬರೀ ಅಂದದ ಪ್ರಶ್ನೆಯಲ್ಲ, ಓದೇ ತಪ್ಪುತ್ತದೆ.

ಎಚ್1, ಎಚ್2, ಎಚ್3 {
  ಲೈನ್-ಹೈಟ್: 1.45;
  ಪ್ಯಾಡಿಂಗ್-ಬಾಟಮ್: 0.2ಇಎಂ;
}

ಕೆಳಗಿನ ಅಂಚಿಗೆ ಕೊಟ್ಟ ಆ 0.2ಇಎಂ (ಅಕ್ಷರದ ಗಾತ್ರದ 0.2 ಪಟ್ಟು) ಜಾಗ ಒತ್ತಿನ ಬಾಲವನ್ನು ಉಳಿಸುತ್ತದೆ. ಗುಂಡಿಗಳಲ್ಲೂ ಇದೇ ತೊಂದರೆ ಕಂಡರೆ, ಥೀಮ್ ಅವಕ್ಕೆ ನಿಶ್ಚಿತ ಎತ್ತರ ಕೊಟ್ಟಿದೆಯೇ ನೋಡಿ. ಇದ್ದರೆ ಹೈಟ್ ಎಂಬುದಕ್ಕೆ ಆಟೋ ಎಂದು ಬರೆದು, ಮೇಲೆ ಕೆಳಗೆ ಪ್ಯಾಡಿಂಗ್ ಕೊಡಿ.

ಚೆದುರಿದ ಅಕ್ಷರ, ವಾಲಿದ ಅಕ್ಷರ

ಮೆನು, ವರ್ಗದ ಹೆಸರು, ದಿನಾಂಕ ಇವುಗಳಿಗೆ ಇಂಗ್ಲಿಷ್ ಥೀಮ್‌ಗಳು ಎಲ್ಲ ದೊಡ್ಡಕ್ಷರ ಮಾಡಿ, ಅಕ್ಷರಗಳ ನಡುವೆ ಒಂದೆರಡು ಪಿಕ್ಸೆಲ್ ಅಂತರ ಬಿಡುವುದು ರೂಢಿ. ದೊಡ್ಡಕ್ಷರ ಸಣ್ಣಕ್ಷರದ ಭೇದ ಕನ್ನಡದಲ್ಲಿಲ್ಲದ್ದರಿಂದ ಆ ನಿಯಮದಿಂದ ತೊಂದರೆಯಿಲ್ಲ. ಆದರೆ ಅಂತರ ಬಿಡುವ ನಿಯಮ ಹಾನಿ ಮಾಡುತ್ತದೆ. ಕನ್ನಡದ ಪದ ಅಕ್ಷರಗಳು ಒತ್ತಾಗಿ ಕೂತು ಮೂಡಿಸುವ ಆಕಾರ. ‘ಪುಸ್ತಕ’ವನ್ನು ನಾವು ಮೂರು ಬಿಡಿ ಅಕ್ಷರಗಳಾಗಿ ಓದುವುದಿಲ್ಲ. ಅಂತರ ಸೇರಿದಾಗ ಒತ್ತು ತನ್ನ ಅಕ್ಷರದಿಂದ ಸರಿದು ನಿಂತು, ಯಾವುದಕ್ಕೆ ಸೇರಿದ್ದೆಂದು ಗೊತ್ತಾಗದಂತಾಗುತ್ತದೆ.

:ಲ್ಯಾಂಗ್(ಕೆಎನ್) {
  ಲೆಟರ್-ಸ್ಪೇಸಿಂಗ್: ನಾರ್ಮಲ್;
}

ಇಲ್ಲಿ ಕೆಎನ್ ಎಂಬುದು ಕನ್ನಡದ ಎರಡಕ್ಷರದ ಸಂಕೇತ. ಪುಟದಲ್ಲಿ ಕನ್ನಡವೆಂದು ಗುರುತಿಸಿರುವ ಭಾಗಕ್ಕೆಲ್ಲ ಈ ನಿಯಮ ತಾಗುತ್ತದೆ. ಹಾಗೆ ಗುರುತಿಸುವುದು ಹೇಗೆಂದು ಮುಂದೆ ನೋಡೋಣ. ಮೆನು ಇದಕ್ಕೂ ಬಗ್ಗದಿದ್ದರೆ ಮೆನುವಿನ ಕ್ಲಾಸ್ ಹೆಸರು ಹುಡುಕಿ ಅದಕ್ಕೇ ನೇರವಾಗಿ ಬರೆಯಬೇಕು.

ಓರೆ ಅಕ್ಷರದ ವಿಷಯವೂ ಇಂಥದ್ದೇ. ಉಲ್ಲೇಖದ ಭಾಗ, ಚಿತ್ರದ ಅಡಿಬರಹಗಳನ್ನು ಥೀಮ್‌ಗಳು ಇಟಾಲಿಕ್ ಮಾಡುತ್ತವೆ. ಕನ್ನಡದ ಫಾಂಟ್‌ಗಳಲ್ಲಿ ನಿಜವಾದ ಓರೆ ರೂಪ ಇರುವುದು ಅಪರೂಪ, ‘ಟಿರೋ ಕನ್ನಡ’ದಲ್ಲಿ ಇದೆ. ಇಲ್ಲದ ಕಡೆ ಬ್ರೌಸರ್ ತಾನೇ ಅಕ್ಷರಗಳನ್ನು ಯಾಂತ್ರಿಕವಾಗಿ ಬಲಕ್ಕೆ ವಾಲಿಸುತ್ತದೆ. ಕನ್ನಡದ ದುಂಡು ಅಕ್ಷರಗಳು ಹೀಗೆ ವಾಲಿದಾಗ ಓದಲು ಕಷ್ಟ. ಉಲ್ಲೇಖಕ್ಕೆ ಫಾಂಟ್-ಸ್ಟೈಲ್ ಎಂಬುದನ್ನು ನಾರ್ಮಲ್ ಮಾಡಿ, ಎಡಕ್ಕೊಂದು ತೆಳು ಗೆರೆ ಎಳೆದರೆ ಸಾಕು.

ಬ್ಲಾಕ್‌ಕೋಟ್ {
  ಫಾಂಟ್-ಸ್ಟೈಲ್: ನಾರ್ಮಲ್;
  ಬಾರ್ಡರ್-ಲೆಫ್ಟ್: 3ಪಿಎಕ್ಸ್ ಸಾಲಿಡ್ ಗ್ರೇ;
  ಪ್ಯಾಡಿಂಗ್-ಲೆಫ್ಟ್: 1ಇಎಂ;
}

ಮೊದಲ ಅಕ್ಷರವನ್ನು ದೊಡ್ಡದಾಗಿಸುವ ಅಲಂಕಾರವನ್ನು ಕನ್ನಡ ಬ್ಲಾಗಿನಲ್ಲಿ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಬರಹ ‘ಸ್ತ್ರೀ’ ಎಂದೋ ‘ಪ್ರೀತಿ’ ಎಂದೋ ಶುರುವಾದರೆ ಬ್ರೌಸರ್ ಎಲ್ಲಿ ಕತ್ತರಿಸುತ್ತದೆ ಎಂಬ ಭರವಸೆಯಿಲ್ಲ. ನಾವು ಒಂದಕ್ಷರ ಎಂದು ಎಣಿಸುವುದನ್ನು ಯೂನಿಕೋಡ್ ಹಲವು ತುಂಡುಗಳಾಗಿ ಎಣಿಸುವುದುಂಟು.

ಫಾಂಟ್ ಆರಿಸುವುದು, ತರಿಸುವುದು

ಥೀಮಿನಲ್ಲಿ ಕನ್ನಡ ಫಾಂಟನ್ನು ಹೆಸರಿಸದಿದ್ದರೆ ಪ್ರತಿ ಓದುಗರಿಗೂ ಅವರವರ ಸಾಧನದಲ್ಲಿರುವ ಫಾಂಟ್ ಕಾಣುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ನೋಟೋ ಸಾನ್ಸ್ ಕನ್ನಡ, ಹಳೆಯ ಐಫೋನುಗಳಲ್ಲಿ ಕನ್ನಡ ಸಂಗಮ್ ಎಂಎನ್, ವಿಂಡೋಸ್ 8ರಿಂದ ಈಚೆಗೆ ನಿರ್ಮಲಾ ಯುಐ, ಅದಕ್ಕೂ ಹಿಂದಿನ ಕಂಪ್ಯೂಟರುಗಳಲ್ಲಿ ತುಂಗಾ. ಎಲ್ಲವೂ ಓದಲು ಯೋಗ್ಯವೇ. ನಿಮ್ಮದು ಬರೀ ಬರಹದ ಬ್ಲಾಗ್ ಆಗಿದ್ದು, ಓದುಗರು ನಿಧಾನ ಇಂಟರ್ನೆಟ್ಟಿನ ಊರುಗಳಲ್ಲಿದ್ದರೆ ಹೊರಗಿನ ಫಾಂಟ್ ತರಿಸದೆ ಇವನ್ನೇ ನೆಚ್ಚಿಕೊಳ್ಳುವುದು ಜಾಣತನ. ಆಗ ಪುಟ ಬೇಗ ತೆರೆಯುತ್ತದೆ.

ಆದರೂ ಬ್ಲಾಗಿಗೊಂದು ಸ್ವಂತ ಚಹರೆ ಬೇಕೆನಿಸುವುದು ಸಹಜ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಕನ್ನಡ ಫಾಂಟ್‌ಗಳಲ್ಲಿ ನೋಟೋ ಸೆರಿಫ್ ಕನ್ನಡ ಮತ್ತು ಟಿರೋ ಕನ್ನಡ ದೀರ್ಘ ಓದಿಗೆ ಹೇಳಿಮಾಡಿಸಿದವು. ಪುಸ್ತಕದ ಪುಟದ ಗಾಂಭೀರ್ಯ ಅವುಗಳಲ್ಲಿದೆ. ಏಕ್ ಟೈಪ್ ಸಂಸ್ಥೆಯ ‘ಅನೇಕ್ ಕನ್ನಡ’ದಲ್ಲಿ ತೆಳುವಿನಿಂದ ದಪ್ಪದವರೆಗೆ ಹಲವು ತೂಕಗಳಿವೆ, ಉಪಶೀರ್ಷಿಕೆಗಳಿಗೆ ಚೆನ್ನ. ಅದೇ ಸಂಸ್ಥೆಯ ‘ಬಲೂ ತಮ್ಮ’ ದುಂಡುದುಂಡಾಗಿ ಮಕ್ಕಳ ಕತೆಯ ಬ್ಲಾಗಿಗೆ ಒಪ್ಪುತ್ತದೆ, ಇಡೀ ಬರಹಕ್ಕೆ ಬಳಸಿದರೆ ಭಾರವೆನಿಸುತ್ತದೆ. ಒಂದು ಬ್ಲಾಗಿಗೆ ಎರಡು ಫಾಂಟ್ ಸಾಕು.

ಫಾಂಟ್ ಹೆಸರುಗಳನ್ನು ಬರೆಯುವ ಕ್ರಮದಲ್ಲಿ ಒಂದು ಸೂಕ್ಷ್ಮವಿದೆ. ಬ್ರೌಸರ್ ಪಟ್ಟಿಯನ್ನು ಎಡದಿಂದ ನೋಡುತ್ತ, ಪ್ರತಿ ಅಕ್ಷರಕ್ಕೂ ಅದು ಸಿಗುವ ಮೊದಲ ಫಾಂಟನ್ನು ಬಳಸುತ್ತದೆ. ಕನ್ನಡ ಫಾಂಟ್‌ಗಳೊಳಗೂ ಇಂಗ್ಲಿಷ್ ಅಕ್ಷರಗಳಿರುವುದರಿಂದ ಕನ್ನಡ ಫಾಂಟನ್ನು ಮೊದಲು ಬರೆದರೆ ಇಂಗ್ಲಿಷೂ ಅಂಕಿಗಳೂ ಅದರಿಂದಲೇ ಬರುತ್ತವೆ. ಇಂಗ್ಲಿಷಿಗೆ ಬೇರೆ ಫಾಂಟ್ ಬೇಕಿದ್ದರೆ ಅದನ್ನು ಮೊದಲು ಬರೆಯಿರಿ. ಅದರಲ್ಲಿ ಕನ್ನಡ ಇಲ್ಲದ್ದರಿಂದ ಕನ್ನಡ ಅಕ್ಷರಗಳು ತಾವಾಗಿಯೇ ಎರಡನೆಯದಕ್ಕೆ ಹೋಗುತ್ತವೆ.

.ಪೋಸ್ಟ್-ಬಾಡಿ, .ಎಂಟ್ರಿ-ಕಂಟೆಂಟ್ {
  ಫಾಂಟ್-ಫ್ಯಾಮಿಲಿ: "ಜಾರ್ಜಿಯಾ", "ನೋಟೋ ಸೆರಿಫ್ ಕನ್ನಡ", "ನಿರ್ಮಲಾ ಯುಐ", ಸೆರಿಫ್;
}

ಫಾಂಟಿನ ಹೆಸರುಗಳನ್ನು ಮಾತ್ರ ಗೂಗಲ್ ಪುಟದಲ್ಲಿರುವಂತೆಯೇ ದೊಡ್ಡಕ್ಷರ ಸಮೇತ ನಕಲು ಮಾಡಿಕೊಳ್ಳಿ. ಫಾಂಟನ್ನು ಪುಟಕ್ಕೆ ತರಿಸಲು ಗೂಗಲ್ ಫಾಂಟ್ಸ್ ತಾಣವೇ ಮೂರು ಸಾಲಿನ ಲಿಂಕ್ ಕೋಡ್ ಕೊಡುತ್ತದೆ. ಬ್ಲಾಗರ್‌ನಲ್ಲಿ ಅದನ್ನು ‘ಎಡಿಟ್ ಎಚ್‌ಟಿಎಂಎಲ್’ಗೆ ಹೋಗಿ ಹೆಡ್ ಭಾಗದೊಳಗೆ ಅಂಟಿಸಬೇಕು. ಹಾಗೆಯೇ ಅಂಟಿಸಿದರೆ ದೋಷದ ಸಂದೇಶ ಬರುವುದು ಖಚಿತ. ಏಕೆಂದರೆ ಬ್ಲಾಗರ್‌ನ ಥೀಮ್ ಕಡತ ಎಕ್ಸ್‌ಎಂಎಲ್ ರೂಪದ್ದು, ಅದರ ವ್ಯಾಕರಣ ಕಠಿಣ. ಮೂರು ತಿದ್ದುಪಡಿ ಬೇಕು. ವಿಳಾಸದೊಳಗಿನ ಪ್ರತಿ ‘&’ ಚಿಹ್ನೆಯ ಬೆನ್ನಿಗೇ ಎಎಂಪಿ ಎಂಬ ಮೂರಕ್ಷರವನ್ನೂ ಒಂದು ಸೆಮಿಕೋಲನ್ನನ್ನೂ ಸೇರಿಸಬೇಕು. ಪ್ರತಿ ಲಿಂಕ್ ಟ್ಯಾಗಿನ ಕೊನೆಯಲ್ಲಿ ‘>’ ಗುರುತಿನ ಮೊದಲು ಓರೆಗೆರೆ ಹಾಕಿ ಟ್ಯಾಗನ್ನು ಮುಚ್ಚಬೇಕು. ಕ್ರಾಸ್‌ಆರಿಜಿನ್ ಎಂದು ಒಂಟಿಯಾಗಿ ನಿಂತಿರುವ ಪದಕ್ಕೆ ಸಮ ಚಿಹ್ನೆ ಹಾಕಿ, ಉದ್ಧರಣ ಚಿಹ್ನೆಯೊಳಗೆ ಅನಾನಿಮಸ್ ಎಂಬ ಬೆಲೆ ಕೊಡಬೇಕು. ಇಷ್ಟಾದರೆ ಥೀಮ್ ತಕರಾರಿಲ್ಲದೆ ಸೇವ್ ಆಗುತ್ತದೆ. ವಿಳಾಸದ ಕೊನೆಯಲ್ಲಿ ಡಿಸ್‌ಪ್ಲೇ=ಸ್ವಾಪ್ ಎಂದಿರುವುದನ್ನು ಅಳಿಸಬೇಡಿ. ಫಾಂಟ್ ಇಳಿಯುವವರೆಗೆ ಬಿಳಿ ಪುಟ ತೋರಿಸುವ ಬದಲು ಸಾಧನದ ಫಾಂಟಿನಲ್ಲಿ ಬರಹ ತೋರಿಸಲು ಹೇಳುವುದು ಅದೇ.

ವರ್ಡ್‌ಪ್ರೆಸ್‌ನಲ್ಲಿ ಈ ಕೆಲಸ ಸುಲಭವಾಗಿದೆ. 2024ರ ಏಪ್ರಿಲ್‌ನಲ್ಲಿ ಬಂದ 6.5ನೆಯ ಆವೃತ್ತಿಯಲ್ಲಿ ಫಾಂಟ್ ಲೈಬ್ರರಿ ಸೇರಿತು. ಬ್ಲಾಕ್ ಥೀಮ್ ಇದ್ದರೆ ಅಲ್ಲಿಂದಲೇ ಫಾಂಟ್ ಆರಿಸಬಹುದು, ಅದು ನಿಮ್ಮದೇ ಸರ್ವರ್‌ಗೆ ಇಳಿದು ಕೂರುತ್ತದೆ. ಯುರೋಪಿನಲ್ಲಿದ್ದು ಬ್ಲಾಗ್ ನಡೆಸುವ ಕನ್ನಡಿಗರಿಗೆ ಇದು ಹೆಚ್ಚು ಉಪಯುಕ್ತ. ಗೂಗಲ್ ಸರ್ವರ್‌ನಿಂದ ಫಾಂಟ್ ತರಿಸಿದ್ದರಿಂದ ಓದುಗರ ಐಪಿ ವಿಳಾಸ ಅವರ ಒಪ್ಪಿಗೆಯಿಲ್ಲದೆ ಗೂಗಲ್‌ಗೆ ಹೋಯಿತೆಂದು, ತಾಣದ ಒಡೆಯರು 100 ಯೂರೋ ಪರಿಹಾರ ಕೊಡುವಂತೆ ಜರ್ಮನಿಯ ಮ್ಯೂನಿಕ್ ನ್ಯಾಯಾಲಯವೊಂದು 2022ರ ಜನವರಿಯಲ್ಲಿ ತೀರ್ಪು ನೀಡಿತ್ತು.

ಪುಟ ಕನ್ನಡದ್ದೆಂದು ಹೇಳಿ

ಥೀಮಿನ ಎಚ್‌ಟಿಎಂಎಲ್ ಟ್ಯಾಗಿನಲ್ಲಿ ಪುಟದ ಭಾಷೆ ಯಾವುದೆಂದು ಹೇಳುವ ಒಂದು ಜಾಗವಿದೆ. ಎಷ್ಟೋ ಕನ್ನಡ ಬ್ಲಾಗುಗಳಲ್ಲಿ ಅಲ್ಲಿ ಇಂಗ್ಲಿಷ್ ಎಂದೇ ಉಳಿದಿರುತ್ತದೆ ಅಥವಾ ಏನೂ ಇರುವುದಿಲ್ಲ. ನೋಡುವವರಿಗೆ ವ್ಯತ್ಯಾಸ ಕಾಣದು. ಕಣ್ಣು ಕಾಣದವರಿಗೆ ಗೊತ್ತಾಗುತ್ತದೆ. ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್‌ಗಳು ಪುಟವನ್ನು ಯಾವ ಭಾಷೆಯ ದನಿಯಲ್ಲಿ ಓದಬೇಕೆಂದು ತಿಳಿಯಲು ಈ ಗುರುತನ್ನು ಬಳಸುತ್ತವೆ. ಕನ್ನಡ ಓದಬಲ್ಲ ಈಸ್ಪೀಕ್ ಎನ್‌ಜಿ ದನಿ ಅದರ ಜೊತೆಗೇ ಉಚಿತವಾಗಿ ಬರುತ್ತದೆ. ಪುಟ ಇಂಗ್ಲಿಷ್ ಎಂದು ಸುಳ್ಳು ಹೇಳಿದರೆ ಆ ದನಿ ಇದ್ದೂ ಇಲ್ಲದಂತೆ.

ವರ್ಡ್‌ಪ್ರೆಸ್‌ನಲ್ಲಿ ‘ಸೆಟ್ಟಿಂಗ್ಸ್’, ‘ಜನರಲ್’ನಲ್ಲಿ ತಾಣದ ಭಾಷೆಯನ್ನು ಕನ್ನಡ ಮಾಡಿದರೆ ಗುರುತು ತಾನಾಗಿ ಬರುತ್ತದೆ. ಬ್ಲಾಗರ್‌ನಲ್ಲಿ ಸೆಟ್ಟಿಂಗ್ಸ್‌ನಲ್ಲಿ ಭಾಷೆ ಬದಲಿಸಿದ ಮೇಲೆಯೂ ‘ಎಡಿಟ್ ಎಚ್‌ಟಿಎಂಎಲ್’ನಲ್ಲಿ ಮೇಲ್ಗಡೆಯ ಎಚ್‌ಟಿಎಂಎಲ್ ಟ್ಯಾಗ್ ನೋಡಿ, ಇಲ್ಲದಿದ್ದರೆ ಅದರೊಳಗೆ ಇದನ್ನು ಸೇರಿಸಿ:

ಲ್ಯಾಂಗ್='ಕೆಎನ್'

ಬರಹದ ನಡುವೆ ಉದ್ದನೆಯ ಇಂಗ್ಲಿಷ್ ಉಲ್ಲೇಖ ಬಂದರೆ ಆ ಭಾಗಕ್ಕೆ ಲ್ಯಾಂಗ್='ಇಎನ್' ಎಂದು ಗುರುತು ಹಾಕಿ. ಮೇಲೆ ಹೇಳಿದ :ಲ್ಯಾಂಗ್ ನಿಯಮ ಕೆಲಸ ಮಾಡುವುದೂ ಈ ಗುರುತಿನಿಂದಲೇ.

ಸಾಲಿನ ಅಗಲ, ಅಂಚು, ತುಂಡಾಗುವ ಪದ

ಕನ್ನಡದಲ್ಲಿ ಪ್ರತ್ಯಯಗಳೆಲ್ಲ ಪದಕ್ಕೇ ಅಂಟಿಕೊಳ್ಳುತ್ತವೆ. ‘ಮಾಡಬೇಕಾಗಿದ್ದುದರಿಂದ’ ಎಂಬುದು ಒಂದೇ ಪದ. ಮೊಬೈಲಿನ ಕಿರಿದಾದ ಪರದೆಯಲ್ಲಿ ಇಂಥ ಎರಡು ಪದ ಬಂದರೆ ಸಾಲು ಮುಗಿಯಿತು. ಎರಡೂ ಅಂಚು ಸಮವಾಗಿರಲೆಂದು ಜಸ್ಟಿಫೈ ಮಾಡಿದ ಬ್ಲಾಗುಗಳಲ್ಲಿ ಎರಡು ಪದಗಳ ನಡುವೆ ಬಯಲಿನಂಥ ಜಾಗ ಉಳಿಯುವುದು ಇದರಿಂದ. ಪುಸ್ತಕದಂತೆ ಕಾಣಲಿ ಎಂಬ ಆಸೆಯಿಂದ ಇದನ್ನು ಮಾಡುತ್ತಾರೆ. ಪುಸ್ತಕದ ಅಗಲ ಫೋನಿಗಿಲ್ಲ.

.ಪೋಸ್ಟ್-ಬಾಡಿ, .ಎಂಟ್ರಿ-ಕಂಟೆಂಟ್ {
  ಮ್ಯಾಕ್ಸ್-ವಿಡ್ತ್: 36ಇಎಂ;
  ಟೆಕ್ಸ್ಟ್-ಅಲೈನ್: ಲೆಫ್ಟ್;
  ಓವರ್‌ಫ್ಲೋ-ರ‍್ಯಾಪ್: ಬ್ರೇಕ್-ವರ್ಡ್;
  ಹೈಫನ್ಸ್: ಆಟೋ;
}

ಮೊದಲ ಸಾಲು ದೊಡ್ಡ ಪರದೆಗಾಗಿ. ಸಾಲು ತೀರಾ ಅಗಲವಾದರೆ ಕಣ್ಣು ಮರಳಿ ಬರುವಾಗ ದಾರಿ ತಪ್ಪುತ್ತದೆ. ಮೂರನೆಯದು, ಜಾಗಕ್ಕಿಂತ ಉದ್ದದ ಪದವೋ ವೆಬ್ ವಿಳಾಸವೋ ಬಂದಾಗ ಮಾತ್ರ ಅದನ್ನು ಮುರಿಯಲು ಅನುಮತಿ ಕೊಡುತ್ತದೆ. ಇದರ ಬದಲು ಕೆಲವು ಥೀಮ್‌ಗಳಲ್ಲಿ ವರ್ಡ್-ಬ್ರೇಕ್: ಬ್ರೇಕ್-ಆಲ್ ಎಂದಿರುತ್ತದೆ. ಅದು ಅಗತ್ಯವಿಲ್ಲದೆಡೆಯೂ ಪದವನ್ನು ಸಿಕ್ಕಲ್ಲಿ ಕಡಿಯುತ್ತದೆ, ಕಂಡರೆ ನಾರ್ಮಲ್ ಮಾಡಿ. ನಾಲ್ಕನೆಯದು ಪದಗಳನ್ನು ಭಾಷೆಯ ನಿಯಮದಂತೆ ಅಕ್ಷರದ ಗಡಿಯಲ್ಲಿ ಮುರಿಯಲು ಹೇಳುತ್ತದೆ. ಕನ್ನಡವೂ ಸೇರಿ ಭಾರತೀಯ ಭಾಷೆಗಳಿಗೆ ಇಂಥ ನಿಯಮಗಳನ್ನು ಸಿದ್ಧಪಡಿಸಿ ಮುಕ್ತವಾಗಿ ಕೊಟ್ಟವರು ಕೇರಳದ ಸಂತೋಷ್ ತೊಟ್ಟಿಂಗಲ್. ಬ್ರೌಸರ್‌ನಲ್ಲಿ ಆ ನಿಯಮಗಳಿದ್ದು, ಪುಟಕ್ಕೆ ಕನ್ನಡದ ಗುರುತೂ ಇದ್ದರೆ ಇದು ಫಲಿಸುತ್ತದೆ. ಇಲ್ಲದಿದ್ದರೆ ನಷ್ಟವೇನಿಲ್ಲ.

ಸಣ್ಣಪುಟ್ಟ ಎರಡು ವಿಷಯ. ಕೊಂಡಿಗಳ ಅಡಿಗೆರೆ ಒತ್ತಕ್ಷರಗಳಿಗೆ ಅಡ್ಡ ಬರುತ್ತದೆ; ಕೊಂಡಿಯ ಟ್ಯಾಗಾದ ‘ಎ’ಗೆ ಟೆಕ್ಸ್ಟ್-ಅಂಡರ್‌ಲೈನ್-ಆಫ್‌ಸೆಟ್: 0.35ಇಎಂ ಎಂದು ಕೊಟ್ಟರೆ ಗೆರೆ ಕೆಳಗಿಳಿಯುತ್ತದೆ. ಪಟ್ಟಿಗಳಿಗೆ ಕನ್ನಡ ಅಂಕಿ ಬೇಕೆಂದಿದ್ದರೆ ಕೈಯಿಂದ ಬರೆಯಬೇಕಿಲ್ಲ. ಸಿಎಸ್‌ಎಸ್‌ನ ಪಟ್ಟಿಯಲ್ಲೇ ನಮ್ಮ ಭಾಷೆಯ ಹೆಸರಿದೆ:

.ಪೋಸ್ಟ್-ಬಾಡಿ ಓಎಲ್, .ಎಂಟ್ರಿ-ಕಂಟೆಂಟ್ ಓಎಲ್ {
  ಲಿಸ್ಟ್-ಸ್ಟೈಲ್-ಟೈಪ್: ಕನ್ನಡ;
}

ಪಟ್ಟಿ ೧, ೨, ೩ ಎಂದು ಎಣಿಸತೊಡಗುತ್ತದೆ. ‘ಕನ್ನಡ’ ಎಂಬುದನ್ನೂ ಇಲ್ಲಿ ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಬರೆಯಬೇಕು.

ಕನ್ನಡದಲ್ಲೇ ಹೆಸರಿಡಿ

ಸಿಎಸ್‌ಎಸ್‌ನಲ್ಲಿ ಗುಣಗಳ ಹೆಸರುಗಳು ಇಂಗ್ಲಿಷಿನವು, ಅವನ್ನು ಬದಲಿಸಲಾಗದು. ಆದರೆ ನಾವು ಇಡುವ ಹೆಸರುಗಳು ಯಾವ ಲಿಪಿಯಲ್ಲಿದ್ದರೂ ನಡೆಯುತ್ತದೆ. ಕ್ಲಾಸ್‌ಗೆ ‘ಪದ್ಯ’ ಎಂದೇ ಹೆಸರಿಡಬಹುದು, ಬಣ್ಣಕ್ಕೆ ‘ಹಿನ್ನೆಲೆ’ ಎಂದೇ ಹೆಸರಿಡಬಹುದು. ಇದು ಬಹಳ ಜನಕ್ಕೆ ಗೊತ್ತಿಲ್ಲ, ಗೊತ್ತಾದ ಮೇಲೆ ಕೋಡ್‌ನ ಬಗೆಗಿನ ಅಂಜಿಕೆ ಅರ್ಧ ಇಳಿಯುತ್ತದೆ. ಆರು ತಿಂಗಳ ಮೇಲೆ ತೆರೆದು ನೋಡಿದಾಗ ಯಾವ ಸಾಲು ಏನು ಮಾಡುತ್ತದೆಂದು ಓದಿದೊಡನೆ ತಿಳಿಯುತ್ತದೆ.

ಕನ್ನಡ ಬ್ಲಾಗುಗಳಲ್ಲಿ ಕವಿತೆಗೆ ದೊಡ್ಡ ಪಾಲಿದೆ; ಥೀಮ್‌ಗಳು ಅತಿ ಹೆಚ್ಚು ಕಡೆಗಣಿಸುವುದೂ ಕವಿತೆಯನ್ನೇ. ಕವಿ ಮುರಿದ ಸಾಲು ಯಾವುದು, ಜಾಗ ಸಾಲದೆ ಪರದೆ ಮುರಿದ ಸಾಲು ಯಾವುದು ಎಂದು ಫೋನಿನಲ್ಲಿ ಗೊತ್ತೇ ಆಗುವುದಿಲ್ಲ. ಭಾಮಿನಿ ಷಟ್ಪದಿಯನ್ನು ಏರಿಸಿ ನೋಡಿ. ಹದಿನಾಲ್ಕು ಮಾತ್ರೆಯ ಸಾಲುಗಳು ಸರಿಯಾಗಿ ನಿಲ್ಲುತ್ತವೆ, ಉದ್ದನೆಯ ಮೂರನೆಯ ಮತ್ತು ಆರನೆಯ ಸಾಲುಗಳು ಮುರಿದು, ಆರು ಸಾಲಿನ ಪದ್ಯ ಎಂಟು ಸಾಲಿನದಾಗಿ ಕಾಣುತ್ತದೆ. ಮುರಿದು ಕೆಳಗಿಳಿದ ತುಂಡನ್ನು ಒಳಕ್ಕೆ ತಳ್ಳಿದರೆ ಛಂದಸ್ಸಿನ ಆಕಾರ ಉಳಿಯುತ್ತದೆ.

.ಪದ್ಯ ಪಿ {
  ಮಾರ್ಜಿನ್: 0;
  ಪ್ಯಾಡಿಂಗ್-ಲೆಫ್ಟ್: 2ಇಎಂ;
  ಟೆಕ್ಸ್ಟ್-ಇಂಡೆಂಟ್: -2ಇಎಂ;
}

.ಪದ್ಯ .ನುಡಿ {
  ಮಾರ್ಜಿನ್-ಬಾಟಮ್: 1.4ಇಎಂ;
}

ಇಲ್ಲಿ ‘ಪದ್ಯ’, ‘ನುಡಿ’ ಎರಡನ್ನೂ ಕನ್ನಡದಲ್ಲೇ ಟೈಪ್ ಮಾಡಿ. ಪೋಸ್ಟ್ ಬರೆಯುವಾಗ ಎಚ್‌ಟಿಎಂಎಲ್ ನೋಟಕ್ಕೆ ಹೋಗಿ, ಇಡೀ ಕವಿತೆಯನ್ನು ಕ್ಲಾಸ್="ಪದ್ಯ" ಎಂಬ ಡಿವ್ ಟ್ಯಾಗಿನೊಳಗೆ, ಪ್ರತಿ ಚರಣವನ್ನು ಕ್ಲಾಸ್="ನುಡಿ" ಎಂಬ ಡಿವ್‌ನೊಳಗೆ, ಪ್ರತಿ ಸಾಲನ್ನು ಒಂದೊಂದು ಪಿ ಟ್ಯಾಗಿನೊಳಗೆ ಇಡಬೇಕು. ಮೊದಲ ಸಲ ಬೇಸರದ ಕೆಲಸ. ಒಂದು ಮಾದರಿ ಮಾಡಿಟ್ಟುಕೊಂಡರೆ ಆಮೇಲೆ ಸಾಲುಗಳನ್ನು ತುಂಬುವುದಷ್ಟೇ.

ಕನ್ನಡ ಹೆಸರುಗಳಲ್ಲಿ ಒಂದು ಎಚ್ಚರ ಬೇಕು. ‘ಕೋ’ದಂಥ ಗುಣಿತ ಯೂನಿಕೋಡ್‌ನಲ್ಲಿ ಎರಡು ರೀತಿಯಲ್ಲಿ ಉಳಿಯಬಹುದು, ಕಣ್ಣಿಗೆ ಒಂದೇ, ಬ್ರೌಸರ್‌ಗೆ ಬೇರೆ ಬೇರೆ. ಆದ್ದರಿಂದ ಒಂದು ಕಡೆ ಟೈಪ್ ಮಾಡಿದ ಹೆಸರನ್ನೇ ಇನ್ನೊಂದು ಕಡೆಗೆ ನಕಲು ಮಾಡಿ. ವರ್ಡ್‌ಪ್ರೆಸ್‌ನ ಮೆನುವಿನಲ್ಲಿ ಕ್ಲಾಸ್ ಹೆಸರು ಕೊಡುವ ಜಾಗ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಉಳಿಸಿಕೊಳ್ಳುತ್ತದೆ, ಅಲ್ಲಿ ಕನ್ನಡ ಹೆಸರು ಬೇಡ.

ರಾತ್ರಿ ಓದುವವರಿಗೆ ಕಪ್ಪು ಹಿನ್ನೆಲೆ ಕೊಡುವ ಕೋಡ್ ಕೂಡ ಕನ್ನಡ ಹೆಸರುಗಳಿಂದ ತಿಳಿಯಾಗುತ್ತದೆ:

:ರೂಟ್ {
  --ಹಿನ್ನೆಲೆ: ಆರ್‌ಜಿಬಿ(255, 253, 247);
  --ಶಾಯಿ: ಆರ್‌ಜಿಬಿ(34, 34, 34);
}

@ಮೀಡಿಯಾ (ಪ್ರಿಫರ್ಸ್-ಕಲರ್-ಸ್ಕೀಮ್: ಡಾರ್ಕ್) {
  :ರೂಟ್ {
    --ಹಿನ್ನೆಲೆ: ಆರ್‌ಜಿಬಿ(24, 24, 24);
    --ಶಾಯಿ: ಆರ್‌ಜಿಬಿ(225, 225, 220);
  }
}

ಬಾಡಿ {
  ಬ್ಯಾಕ್‌ಗ್ರೌಂಡ್: ವಾರ್(--ಹಿನ್ನೆಲೆ);
  ಕಲರ್: ವಾರ್(--ಶಾಯಿ);
}

ಓದುಗರ ಫೋನ್ ಡಾರ್ಕ್ ಮೋಡ್‌ನಲ್ಲಿದ್ದರೆ ಬಣ್ಣಗಳು ತಾವಾಗಿ ಬದಲಾಗುತ್ತವೆ. ಬೇರೆ ಬಣ್ಣ ಆರಿಸುವುದಾದರೆ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಲಿ. ವೆಬ್‌ನ ಸುಗಮ ಬಳಕೆಯ ಮಾರ್ಗಸೂಚಿ ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕೇಳುವುದು ಅಷ್ಟನ್ನು. ತೆಳು ಬೂದು ಬಣ್ಣದಲ್ಲಿ ಕನ್ನಡದ ಒತ್ತುಗಳು ಮೊದಲು ಮರೆಯಾಗುತ್ತವೆ.

ಸೇರಿಸಬಾರದ ಕೋಡ್ ಒಂದಿದೆ. ಕವಿತೆ ಕದಿಯುತ್ತಾರೆಂಬ ಭಯದಿಂದ ರೈಟ್ ಕ್ಲಿಕ್ ಮತ್ತು ಅಕ್ಷರಗಳನ್ನು ಆರಿಸುವುದನ್ನು ತಡೆಯುವ ಸ್ಕ್ರಿಪ್ಟ್ ಹಾಕುವವರಿದ್ದಾರೆ. ಆ ನೋವು ನಿಜವಾದದ್ದು. ಆದರೆ ಕದಿಯುವವರು ಪುಟದ ಮೂಲವನ್ನು ತೆರೆದು ನಕಲು ಮಾಡಿಕೊಳ್ಳುತ್ತಾರೆ. ತೊಂದರೆಯಾಗುವುದು ಒಂದು ಪದ ಆರಿಸಿ ನಿಘಂಟಿನಲ್ಲಿ ಅರ್ಥ ನೋಡುವ ವಿದ್ಯಾರ್ಥಿಗೆ, ಎರಡು ಸಾಲು ಗೆಳೆಯರಿಗೆ ಕಳಿಸಬೇಕೆಂದ ಓದುಗರಿಗೆ. ಜೊತೆಗೆ, ಸಿಎಸ್‌ಎಸ್ ತಪ್ಪಾದರೆ ಪುಟದ ರೂಪ ಕೆಡುತ್ತದೆ ಅಷ್ಟೆ. ಮೂಲ ಗೊತ್ತಿಲ್ಲದ ಸ್ಕ್ರಿಪ್ಟ್ ನಿಮ್ಮ ಓದುಗರನ್ನು ಬೇರೆಲ್ಲಿಗೋ ಕರೆದೊಯ್ಯಬಲ್ಲದು.

ಕೆಲಸ ಮಾಡದಿದ್ದರೆ

ಮೊದಲು ಕಂಟ್ರೋಲ್, ಶಿಫ್ಟ್, ಆರ್ ಒಟ್ಟಿಗೆ ಒತ್ತಿ ಪುಟವನ್ನು ಹೊಸದಾಗಿ ತರಿಸಿ. ಬ್ರೌಸರ್ ಹಳೆಯ ಪ್ರತಿಯನ್ನೇ ತೋರಿಸುತ್ತಿರಬಹುದು. ಆಗಲೂ ಬದಲಾಗದಿದ್ದರೆ ಆ ಭಾಗದ ಮೇಲೆ ರೈಟ್ ಕ್ಲಿಕ್ ಮಾಡಿ ‘ಇನ್‌ಸ್ಪೆಕ್ಟ್’ ಆರಿಸಿ. ಎಡಕ್ಕೆ ಆ ಭಾಗದ ನಿಜವಾದ ಕ್ಲಾಸ್ ಹೆಸರು, ಬಲಕ್ಕೆ ಅದಕ್ಕೆ ತಾಗಿರುವ ನಿಯಮಗಳು ಕಾಣುತ್ತವೆ. ನಿಮ್ಮ ನಿಯಮ ಅಲ್ಲಿ ಕಾಣದಿದ್ದರೆ ವಿಳಾಸ ತಪ್ಪಿದೆ. ಕಂಡೂ ಅದರ ಮೇಲೆ ಗೆರೆ ಹೊಡೆದಿದ್ದರೆ ಥೀಮಿನ ಇನ್ನೊಂದು ನಿಯಮ ಹೆಚ್ಚು ತೂಕದ್ದು. ಆ ಗೆದ್ದ ನಿಯಮದ ವಿಳಾಸವನ್ನೇ ನಕಲು ಮಾಡಿ ನಿಮ್ಮದಕ್ಕೆ ಹಾಕಿಕೊಳ್ಳಿ. ಬೆಲೆಯ ಮುಂದೆ !ಇಂಪಾರ್ಟೆಂಟ್ ಎಂದು ಬರೆದು ಗೆಲ್ಲುವ ದಾರಿಯೂ ಇದೆ, ಅದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಎಲ್ಲೆಡೆ ಬಳಸಿದರೆ ಮುಂದೆ ನಿಮ್ಮ ನಿಯಮಗಳೇ ಪರಸ್ಪರ ಜಗಳವಾಡುತ್ತವೆ. ಇದೇ ಕಿಟಕಿಯಲ್ಲಿ ಅಂಕಿಗಳನ್ನು ಬದಲಿಸಿ ಪರಿಣಾಮ ನೋಡಬಹುದು, ಪುಟ ಮತ್ತೆ ತೆರೆದಾಗ ಎಲ್ಲ ಮೊದಲಿನಂತಾಗುತ್ತದೆ. ಲೈನ್-ಹೈಟ್ 1.7 ಸರಿಯೋ 1.8 ಸರಿಯೋ ಎಂದು ತೀರ್ಮಾನಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ಸೇರಿಸಿದ ಪ್ರತಿ ತುಂಡಿನ ಮೇಲೆ ಅದು ಯಾಕಿದೆ ಎಂದು ಕನ್ನಡದಲ್ಲೇ ಟಿಪ್ಪಣಿ ಬರೆಯಿರಿ. ಹೀಗೆ:

/* ಮುಖಪುಟದ ಶೀರ್ಷಿಕೆಯಲ್ಲಿ ಒತ್ತು ಕತ್ತರಿಸದಿರಲು */

ಓರೆಗೆರೆ ಮತ್ತು ನಕ್ಷತ್ರದ ನಡುವೆ ಇರುವುದನ್ನು ಬ್ರೌಸರ್ ಓದುವುದಿಲ್ಲ. ವರ್ಡ್‌ಪ್ರೆಸ್ ಈ ಹೆಚ್ಚುವರಿ ಸಿಎಸ್‌ಎಸ್ಸನ್ನು ಥೀಮಿಗೊಂದರಂತೆ ಬೇರೆಬೇರೆಯಾಗಿ ಇಡುತ್ತದೆ. ಥೀಮ್ ಬದಲಿಸಿದ ದಿನ ಪೆಟ್ಟಿಗೆ ಖಾಲಿ ಕಾಣುತ್ತದೆ. ಬ್ಲಾಗರ್‌ನಲ್ಲೂ ಹೊಸ ಥೀಮ್ ಹಾಕುವಾಗ ನಿಮ್ಮ ಸಾಲುಗಳು ಉಳಿಯುತ್ತವೆಂದು ನಂಬಿ ಕೂರಬೇಡಿ. ಎಲ್ಲವನ್ನೂ ನೋಟ್‌ಪ್ಯಾಡಿನ ಒಂದು ಕಡತದಲ್ಲಿ, ಯುಟಿಎಫ್-8 ಎಂದು ಆರಿಸಿ ಉಳಿಸಿಕೊಂಡಿರಿ. ಹೊಸ ಥೀಮಿಗೆ ಅದನ್ನು ಅಂಟಿಸಿ, ಪ್ರಯೋಗದ ಪೋಸ್ಟನ್ನು ತೆರೆದು, ವಿಳಾಸಗಳು ಎಲ್ಲಿ ತಪ್ಪಿವೆ ಎಂದು ಒಂದೊಂದಾಗಿ ಹೊಂದಿಸಿಕೊಳ್ಳಿ.